ಹತ್ತು ಪ್ರಶ್ನೆ, ಆಮೇಲೆ?

ಚೊಚ್ಚಲ ಹೆರಿಗೆಯ ನಂತರ ಮೇರಿ ಜೋ ಕೋಡಿ ಮನೋರೋಗ ಚಿಕಿತ್ಸೆಗೆಂದು ಆಸ್ಪತ್ರೆ ಸೇರಬೇಕಾಯಿತು. ಕೂಸಿಗೆ ತಾನೇ ಏನಾದರೂ ಮಾಡಿಬಿಟ್ಟೇನು ಎಂಬ ಯೋಚನೆ ಆಕೆಯನ್ನು ಕಾಡುತ್ತಿತ್ತು. ಅದು ಎಂಬತ್ತರ ದಶಕ. ಮುಂದೆ ಪತಿ ರಿಚರ್ಡ್ ಕೋಡಿ ಅಮೆರಿಕದ ನ್ಯೂಜೆರ್ಸಿಯ ಹಂಗಾಮಿ ಗವರ್ನರ್ ಆದಾಗಲೂ ಆಕೆ ಇದನ್ನು ಮುಚ್ಚಿಡಲಿಲ್ಲ. ರಾಜಕಾರಣಿಗಳ ಮನೆಯಲ್ಲಿ ಇಂಥ ಧೈರ್ಯ ಅಪರೂಪವೇ.

2006ರಲ್ಲಿ ನ್ಯೂಜೆರ್ಸಿಯಲ್ಲಿ ಕಾನೂನು ಬಂತು: ಬಾಣಂತಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಮತ್ತು ಆಮೇಲಿನ ಮೊದಲ ಭೇಟಿಗಳಲ್ಲಿ ಖಿನ್ನತೆಯ ತಪಾಸಣೆ ಕಡ್ಡಾಯ. ಅಮೆರಿಕದ ಯಾವ ರಾಜ್ಯವೂ ಅಲ್ಲಿಯತನಕ ಹೀಗೆ ಮಾಡಿರಲಿಲ್ಲ.

ತಪಾಸಣೆ ಎಂದರೆ ರಕ್ತ, ಸ್ಕ್ಯಾನ್ ಏನಿಲ್ಲ. ಹೆಚ್ಚು ಬಳಕೆಯಲ್ಲಿರುವುದು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ವಿನಾಕಾರಣ ಭಯವಾಯಿತೇ ಎಂಬಂಥ ಹತ್ತು ಪ್ರಶ್ನೆಗಳು, ಒಟ್ಟು 30 ಅಂಕ. ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಐದೇ ನಿಮಿಷದ ಕೆಲಸ.

ಆದರೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ಸಾಹಕ್ಕೆ ತಣ್ಣೀರೆರಚಿತು. ಬಡವರಿಗಾಗಿ ಸರ್ಕಾರ ನಡೆಸುವ ಮೆಡಿಕೇಡ್ ವಿಮೆಯಲ್ಲಿದ್ದ ನ್ಯೂಜೆರ್ಸಿಯ ತಾಯಂದಿರಲ್ಲಿ ಚಿಕಿತ್ಸೆ ಆರಂಭಿಸಿದವರ ಪ್ರಮಾಣ ಕಾನೂನು ಬಂದ ಮೇಲೂ ಹೆಚ್ಚಿರಲಿಲ್ಲ. ಅಂಕ ಬರೆದುಕೊಳ್ಳುವುದು ಸುಲಭ. ಅಂಕ ಏರಿದವಳನ್ನು ನೋಡಲು ವೈದ್ಯರು, ಹಣ, ಕೂಸನ್ನು ಹಿಡಿದುಕೊಳ್ಳಲು ಇನ್ನೊಂದು ಕೈ, ಇವೆಲ್ಲ ಬೇಕಲ್ಲ!

ಬೆಂಗಳೂರಿನ ನಿಮ್ಹಾನ್ಸ್ ಹೊರಟಿದ್ದು ಇನ್ನೊಂದು ತುದಿಯಿಂದ. ಅಲ್ಲಿ 2009ರಲ್ಲಿ ಶುರುವಾದದ್ದು ಕೂಸನ್ನು ಜೊತೆಗಿಟ್ಟುಕೊಂಡೇ ತಾಯಿ ಚಿಕಿತ್ಸೆ ಪಡೆಯುವ ವಾರ್ಡ್.