ಒಪ್ಪದವರು ಬೇಕಾಗಿದ್ದಾರೆ

ನಮ್ಮ ಹಾಸ್ಟೆಲಿನಲ್ಲಿ ರಾಕ್ ಸಂಗೀತದ ಸುಪ್ರೀಂ ಕೋರ್ಟು ಮೂಲೆ ರೂಮಿನ ಸೀನಿಯರ್. ಅವರಿಗೆ ಶ್ರುತಿಜ್ಞಾನ ಇತ್ತೆಂದಲ್ಲ, ಎರಡು ಡೆಕ್ಕಿನ ಟೇಪ್‌ರೆಕಾರ್ಡರ್ ಇತ್ತು. ಟೇಪ್‌ರೆಕಾರ್ಡರ್ ಯಾರದೋ ಅಭಿಪ್ರಾಯವೂ ಅವರದೇ. ನಾವು ತಂದುಕೊಟ್ಟ ಖಾಲಿ ಕ್ಯಾಸೆಟ್ಟಿಗೆ ಅವರು ಏನನ್ನು ತುಂಬಿಕೊಟ್ಟರೋ ಅದು ರಾಕ್, ಉಳಿದದ್ದೆಲ್ಲ ಪಾಪ್. ಆ ಎರಡಕ್ಷರದ ಮೈಲಿಗೆ ಒಮ್ಮೆ ತಗುಲಿದರೆ ಸೆಮಿಸ್ಟರ್ ಪೂರ್ತಿ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ತಲೆ ಮಾತ್ರ ಅಲ್ಲಾಡಿಸುತ್ತಿದ್ದೆ. ಈಗ ಆ ತಲೆ ನರೆತಿದೆ, ಧೈರ್ಯ ಬಂದಿದೆ.

ಮೊದಲು ಲೆಡ್ ಜೆಪ್ಲಿನ್. 1969ರ ಅವರ ಎರಡನೇ ಆಲ್ಬಂನಲ್ಲಿರುವ 'ಮೋಬಿ ಡಿಕ್' ಹಾಡಲ್ಲ, ಜಾನ್ ಬೋನಮ್ ಡ್ರಮ್ಸ್ ಬಾರಿಸುವುದಕ್ಕೊಂದು ನೆಪ. ಆಲ್ಬಂನಲ್ಲಿ 4 ನಿಮಿಷ ಚಿಲ್ಲರೆ ಇರುವ ಇದು ವೇದಿಕೆ ಹತ್ತಿದರೆ 20 ನಿಮಿಷ ದಾಟುವುದೂ ಇತ್ತು. ನಡುವೆ ಕೋಲು ಬಿಸಾಡಿ ಬರಿಗೈಯಲ್ಲೂ ಬಾರಿಸುತ್ತಿದ್ದ. ಅಷ್ಟು ಹೊತ್ತೂ ಬ್ಯಾಂಡಿನ ಉಳಿದ ಮೂವರು ವೇದಿಕೆಯಿಂದ ನಾಪತ್ತೆ. ನಮ್ಮ ಕಚೇರಿಗಳಲ್ಲಿ ತನಿ ಆವರ್ತನ ಶುರುವಾದೊಡನೆ ಸಭಿಕರು ಕ್ಯಾಂಟೀನಿನ ಕಡೆ ಏಳುತ್ತಾರಲ್ಲ, ಹಾಗೆ. ನಮ್ಮಲ್ಲಿ ಪಿಟೀಲಿನವರಾದರೂ ಕೂತು ತಾಳ ಹಾಕುತ್ತಾರೆ. ಬೋನಮ್ ಮಹಾ ಲಯಗಾರ, ಅದರಲ್ಲಿ ತಕರಾರಿಲ್ಲ. ನಾಲ್ಕನೇ ಆಲ್ಬಂನ 'ವೆನ್ ದ ಲೆವಿ ಬ್ರೇಕ್ಸ್'ಗೆ ಹೆಡ್ಲಿ ಗ್ರೇಂಜ್ ಎಂಬ ಹಳೇ ಬಂಗಲೆಯಲ್ಲಿ ಡ್ರಮ್ಸನ್ನು ಮೆಟ್ಟಿಲ ಬುಡದಲ್ಲಿಟ್ಟು, ಮೇಲಿನಿಂದ ಮೈಕು ಇಳಿಬಿಟ್ಟು ಮುದ್ರಿಸಿಕೊಂಡರು. ಅಲ್ಲಿ ಅವನು ಸೋಲೋ ನುಡಿಸುವುದಿಲ್ಲ, ಹಾಡನ್ನೇ ಹೊತ್ತು ನಡೆಯುತ್ತಾನೆ. ನನಗೆ ಆ 7 ನಿಮಿಷ ಸಾಕು. 'ಮೋಬಿ ಡಿಕ್' ಬಂದರೆ ನಾನು ಕಾಫಿಯ ಪಕ್ಷ.

ಎರಡನೆಯದು ಬೀಟಲ್ಸ್‌ನವರ 1968ರ ಬಿಳಿ ಆಲ್ಬಂ. 2 ತಟ್ಟೆ, 30 ಹಾಡು. ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೇ ಒಂದು ತಟ್ಟೆ ಸಾಕೆನ್ನಿಸಿತ್ತು. ನನ್ನ ವೋಟೂ ಅದಕ್ಕೇ. 8 ನಿಮಿಷ ದಾಟಿಯೂ ಹಾಡಾಗದ 'ರೆವಲ್ಯೂಷನ್ 9' ಮೊದಲು ಮನೆಗೆ ಹೋಗಲಿ. ಸೀನಿಯರ್ ಅದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. "ನಿಂಗೆ ಅರ್ಥ ಆಗಲ್ಲ ಬಿಡೋ" ಅನ್ನುತ್ತಿದ್ದರು. ಆಮೇಲೆ ಕೇಳಿಸುತ್ತಿದ್ದ ಗೊರಕೆಯ ಪ್ರಸ್ತಾಪವನ್ನು ನಾವು ಯಾರೂ ಎತ್ತಲಿಲ್ಲ. ಉಳಿದವುಗಳಲ್ಲಿ ಯಾವುದನ್ನು ಬಿಡಬೇಕು ಎಂಬುದಕ್ಕೆ ನಾನೂ ರೂಮ್‌ಮೇಟೂ ಪರೀಕ್ಷೆಯ ಹಿಂದಿನ ರಾತ್ರಿಯನ್ನು ಬಲಿ ಕೊಟ್ಟಿದ್ದೇವೆ. 'ಒಬ್-ಲ-ಡಿ' ತೆಗಿ ಅಂತ ಅವನು, ನನ್ನ ಹೆಣದ ಮೇಲೆ ತೆಗಿ ಅಂತ ನಾನು. ಪಕ್ಕದ ರೂಮಿನವರು ಗೋಡೆ ಗುದ್ದಿದ ಮೇಲೆ ಪಿಸುದನಿಯಲ್ಲಿ ಜಗಳ ಮುಂದುವರಿಸಿದೆವು.

ಮೂರನೆಯದು ಸ್ವಲ್ಪ ಅಪಾಯದ್ದು. 1989ರಲ್ಲಿ ಗ್ರ್ಯಾಮಿಯವರು ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದು ಮೊದಲ ಸಲ ಬಹುಮಾನವಿಟ್ಟರು. ಮೆಟಾಲಿಕಾಗೇ ಎಂದು ಲೋಕವೆಲ್ಲ ಕಾದಿದ್ದರೆ ಹೋದದ್ದು ಜೆತ್ರೋ ಟಲ್‌ಗೆ. ಹೇಗೂ ಬರುವುದಿಲ್ಲವೆಂದು ಆ ಬ್ಯಾಂಡಿನವರು ಸಮಾರಂಭಕ್ಕೇ ಬಂದಿರಲಿಲ್ಲ. ಸಭೆ ಕೂಗಾಡಿತು. ಮೂರು ವರ್ಷದ ಮೇಲೆ ತಾವು ಗೆದ್ದಾಗ ಮೆಟಾಲಿಕಾದ ಲಾರ್ಸ್ ಉಲ್ರಿಕ್, ಈ ವರ್ಷ ಆಲ್ಬಂ ಹೊರತರದೆ ಉಪಕಾರ ಮಾಡಿದಿರಿ ಎಂದು ಜೆತ್ರೋ ಟಲ್‌ಗೆ ಧನ್ಯವಾದ ಹೇಳಿದ. ಹಾಸ್ಟೆಲಿನಲ್ಲಿ ಇದು ಇತಿಹಾಸದ ಘೋರ ಅನ್ಯಾಯಗಳ ಪಟ್ಟಿಯಲ್ಲಿತ್ತು. ಅನ್ಯಾಯವೇ ಇರಬಹುದು. ಆದರೆ ಜೆತ್ರೋ ಟಲ್‌ನ ಇಯಾನ್ ಆಂಡರ್ಸನ್ ಒಂಟಿಕಾಲಲ್ಲಿ ನಿಂತು ಕೊಳಲೂದುತ್ತಾನೆ. ಅಂಥವನನ್ನು ನಮ್ಮ ಊರಿನವರು ಬಿಟ್ಟುಕೊಡುವುದು ಹೇಗೆ?

ಪಿಂಕ್ ಫ್ಲಾಯ್ಡ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 'ಡಾರ್ಕ್ ಸೈಡ್ ಆಫ್ ದ ಮೂನ್' (1973) ಕೇಳಿದವರೆಲ್ಲ ಕಾಲ, ಹಣ, ಹುಚ್ಚು ಎಂದು ತತ್ತ್ವಜ್ಞಾನಕ್ಕಿಳಿಯುತ್ತಿದ್ದರು. ನನಗೆ ಹಿಡಿಸಿದ್ದು ಅದರಲ್ಲಿ ಒಂದು ಪದವನ್ನೂ ಹಾಡದೆ, ಬರೀ ಆಲಾಪದಲ್ಲಿ ಎದೆ ಸೀಳುವ ಕ್ಲೇರ್ ಟೋರಿ. ಒಂದು ಭಾನುವಾರ ಬಂದು ಹಾಡಿದ್ದಕ್ಕೆ ಆಕೆಗೆ ಸಿಕ್ಕ ಸಂಬಳ 30 ಪೌಂಡ್. ರಚನೆಯಲ್ಲಿ ಪಾಲಿದೆ ಎಂದು ಒಪ್ಪಿಸಲು ದಾವೆ ಹೂಡಿ 2005ರವರೆಗೆ ಕಾಯಬೇಕಾಯಿತು.

ಇನ್ನು ಎದೆಯಾಳದ ಗುಟ್ಟು. ನನಗೆ ಬ್ರಯಾನ್ ಆಡಮ್ಸ್ ಇಷ್ಟ. ನಲ್ಲಿ ಜೋರಾಗಿ ಬಿಟ್ಟುಕೊಂಡು ಮಾತ್ರ ಹಾಡುತ್ತಿದ್ದೆ. 1984ರ ಅವನ 'ಸಮ್ಮರ್ ಆಫ್ 69' ಗಿಟಾರು, ಗೆಳೆಯರ ಬ್ಯಾಂಡು, ಮೊದಲ ಪ್ರೇಮ ಎಲ್ಲವನ್ನೂ ನೆನೆಯುತ್ತದೆ. 1969ರ ಬೇಸಿಗೆಯಲ್ಲಿ ಅವನಿಗಿನ್ನೂ 9 ವರ್ಷ. "ಅಷ್ಟರಲ್ಲೇ ವಿರಹ ಬೇರೆ ಮುಗಿಸಿದ್ನಾ?" ಎಂದು ರೂಮ್‌ಮೇಟ್ ಲೇವಡಿ ಮಾಡುತ್ತಿದ್ದ. ಮಾಡಲಿ. ನನಗೂ ಗಿಟಾರಿರಲಿಲ್ಲ, ಬ್ಯಾಂಡಿರಲಿಲ್ಲ, ಮೂರನೆಯದರ ಮಾತು ಬೇಡ. ಇಲ್ಲದ ಬೇಸಿಗೆಯನ್ನು ನೆನೆದು ಮರುಗುವುದಕ್ಕೂ ಒಂದು ಹಾಡು ಬೇಕಲ್ಲ.

ಇಷ್ಟನ್ನೂ ಬರೆದು ಹಾಸ್ಟೆಲ್ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ರಾತ್ರಿಯೆಲ್ಲ ಯುದ್ಧವೆಂದು ಫೋನನ್ನು ಚಾರ್ಜಿಗಿಟ್ಟೇ ಕಾದೆ. ಸೀನಿಯರ್ ಹೆಬ್ಬೆರಳು ಎತ್ತಿ ತೋರಿಸಿದರು. ನ್ಯೂಜೆರ್ಸಿಯಲ್ಲಿರುವ ರೂಮ್‌ಮೇಟ್ "ಕರೆಕ್ಟ್ ಮಗಾ" ಎಂದ. 'ಒಬ್-ಲ-ಡಿ'ಗೂ ಕರೆಕ್ಟ್! ನನಗೆ ಅಳುವೇ ಬಂತು. ಇಡೀ ರಾತ್ರಿ ನನ್ನ ಮಾತನ್ನು ತಲೆಗೆ ಹಚ್ಚಿಕೊಂಡು ವಿರೋಧಿಸುವಷ್ಟು ಪುರುಸೊತ್ತು ಒಂದು ಕಾಲಕ್ಕೆ ಇವರಿಗಿತ್ತು. ಒಪ್ಪಿಕೊಂಡವರ ಜೊತೆ ಮಾತೆಲ್ಲಿ ಮುಂದುವರಿಯುತ್ತದೆ? ಹೆಚ್ಚೆಂದರೆ "ಮನೇಲೆಲ್ಲ ಆರಾಮಾ?" ಎಂದು ಕೇಳಿ ಮುಗಿಸಬೇಕು.

ಅದಕ್ಕೇ ನಾಳೆ ಗುಂಪಿಗೆ ಇನ್ನೊಂದು ಹಾಕುವವನಿದ್ದೇನೆ: 8 ನಿಮಿಷದ 'ಸ್ಟೇರ್‌ವೇ ಟು ಹೆವನ್'ನಲ್ಲಿ 6 ನಿಮಿಷ ದಂಡ. ಇದು ಶುದ್ಧ ಸುಳ್ಳು, ನನಗೇ ಒಪ್ಪಿಗೆಯಿಲ್ಲ. ಗುಂಪಿನಲ್ಲಿರುವವರೆಲ್ಲ ಬಿಪಿ ಮಾತ್ರೆ ನುಂಗುವವರು ಎಂಬುದೂ ಗೊತ್ತು. ಆದರೂ ಒಬ್ಬನಾದರೂ ಕೆರಳಿ "ಲೋ ಕತ್ತೆ" ಅಂತ ಶುರು ಮಾಡಲಿ.