ಸೇನ್ ಸಾಹೇಬರನ್ನು ಹುಡುಕಿಕೊಂಡು

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಪೊಲೀಸರೆಂದರೆ ದಸರಾ. ಅಪ್ಪನ ಹೆಗಲ ಮೇಲೆ ಕೂತು ಜಂಬೂಸವಾರಿ ನೋಡುವಾಗ ನನ್ನ ಕಣ್ಣು ಅಂಬಾರಿಗಿಂತ ಹೆಚ್ಚಾಗಿ ಅಶ್ವಾರೋಹಿ ಪೊಲೀಸರ ಮೇಲೇ ನೆಟ್ಟಿರುತ್ತಿತ್ತು. ಆಮೇಲೆ ಪೊಲೀಸ್ ಬ್ಯಾಂಡು. ಖಾಕಿಯವರು ಕೂತು ಕರ್ನಾಟಕ ಸಂಗೀತದ ಕೀರ್ತನೆ ನುಡಿಸುವುದನ್ನು ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಆದರೆ ಠಾಣೆಯ ಮಾತು ಬೇರೆ. "ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಸ್ಟೇಷನ್ ಮೆಟ್ಟಿಲು ಹತ್ತಬಾರದು" ಎನ್ನುವುದು ನಮ್ಮಮ್ಮನ ಕಾನೂನು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪೌರನೀತಿ ಬೋಧಿಸಿದ ನಾನು ಆ ಕಾನೂನನ್ನು ಒಮ್ಮೆಯೂ ಮುರಿದಿರಲಿಲ್ಲ.

2024ರ ನವೆಂಬರಿನಲ್ಲಿ ಅದನ್ನು ಮುರಿಯಬೇಕಾಯಿತು. ನಮ್ಮ ದೊಡ್ಡಕ್ಕ ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಅವಳ ಮನೆಗೆಲಸದವಳು ನನಗೆ ಫೋನು ಮಾಡಿ, "ಎರಡು ದಿನದಿಂದ ಅಮ್ಮಾವ್ರು ಬಾಗಿಲೇ ತೆಗೀತಿಲ್ಲ, ಕಿಟಕಿಯಿಂದಲೇ ಹೋಗು ಅಂತಾರೆ" ಅಂದಳು. ನನ್ನ ಎದೆ ಧಸಕ್ಕೆಂದಿತು. ಶಾಲೆಗೆ ಅರ್ಧ ದಿನ ರಜೆ ಹಾಕಿ, ನನ್ನ ಬಳಿ ಇದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದೆ. ಅಕ್ಕ ಊಟದ ಮೇಜಿನ ಮುಂದೆ ಕೂತು ತುಟಿಯ ಮೇಲೆ ಬೆರಳಿಟ್ಟಳು. ಉಪ್ಪಿನಕಾಯಿ ಭರಣಿಗೆ ಒರಗಿಸಿದ್ದ ಫೋನಿನಲ್ಲಿ ಒಬ್ಬ ಖಾಕಿಧಾರಿ, ಅವನ ಹಿಂದೆ ಗೋಡೆಯ ಮೇಲೆ ಅಶೋಕ ಸ್ತಂಭದ ಲಾಂಛನ. "ಹೂ ಈಸ್ ದಟ್?" ಎಂದು ಗದರಿದ. ಸುಳ್ಳು ಏಕೆ ಹೇಳಲಿ, ನಲವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಕೂರಿಸುವ ನಾನೂ ಒಂದು ಕ್ಷಣ ಕೈಕಟ್ಟಿ ನಿಂತುಬಿಟ್ಟೆ.

ಮುಂಬಯಿಯಲ್ಲಿ ಅವಳ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆಯಂತೆ, ಅವಳನ್ನು "ಡಿಜಿಟಲ್ ಅರೆಸ್ಟ್" ಮಾಡಲಾಗಿದೆಯಂತೆ, ಯಾರಿಗಾದರೂ ಹೇಳಿದರೆ ಅವರೂ ಆರೋಪಿಯಂತೆ. ಪಾಪ, ರಾತ್ರಿ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದ್ದಾಳೆ. ಅಂಥ ಅರೆಸ್ಟೇ ಕಾನೂನಿನಲ್ಲಿ ಇಲ್ಲವೆಂದು ಪ್ರಧಾನಮಂತ್ರಿಗಳು ಅಕ್ಟೋಬರ್ 27ರಂದು ರೇಡಿಯೋದಲ್ಲಿ ಹೇಳಿ ತಿಂಗಳೂ ತುಂಬಿರಲಿಲ್ಲ. ಆದರೆ ಅಕ್ಕನ ಮನೆಯಲ್ಲಿ ರೇಡಿಯೋ ಇಲ್ಲ, ಧಾರಾವಾಹಿ ಮಾತ್ರ. ನಾನು ನಡುಗುವ ಕೈಯಿಂದಲೇ ಫೋನು ಆರಿಸಿದೆ. "ಅಯ್ಯೋ, ಏನೇ ಮಾಡ್ಬಿಟ್ಟೆ! ಈಗ ಮನೆಗೇ ಬರ್ತಾರೆ ಕಣೇ" ಎಂದು ಅಕ್ಕ ಗೋಳಾಡಿದಳು. ಆ ಬೆಳಿಗ್ಗೆಯೇ ಭಾವನ ಪಿ.ಎಫ್. ದುಡ್ಡಿನಲ್ಲಿ ಆರು ಲಕ್ಷ ಕಳಿಸಿಯಾಗಿತ್ತು. "ಪರಿಶೀಲನೆ ಆದ ಮೇಲೆ ವಾಪಸ್ಸು ಕೊಡ್ತಾರಂತೆ" ಅಂದಳು.

ಬ್ಯಾಂಕಿನ ಗೋಡೆಯ ಮೇಲೆ 1930 ಎಂಬ ಸಂಖ್ಯೆ ನೋಡಿದ ನೆನಪು. ಅದಕ್ಕೆ ಫೋನು ಮಾಡಿದೆ. ಯಾವ ಬ್ಯಾಂಕು, ಎಷ್ಟು ಹೊತ್ತಿಗೆ, ವ್ಯವಹಾರದ ಸಂಖ್ಯೆ ಎಷ್ಟು ಎಂದು ಕೇಳಿ ಬರೆದುಕೊಂಡರು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದಂತೆ. ಎಲ್ಲಿ ಸಿಕ್ಕಿತೋ ಅಲ್ಲೇ ಬ್ಯಾಂಕಿನವರಿಗೆ ಹೇಳಿ ಹಿಡಿದುಹಾಕಿಸುವುದು ಅವರ ಕೆಲಸ. ಅದಕ್ಕೇ ಮೊದಲ ಕೆಲವು ಗಂಟೆಗಳು ಮುಖ್ಯ.

ಅಲ್ಲಿಂದ ಹತ್ತಿರದ ಒಂದು ಠಾಣೆಗೆ ಅಕ್ಕನನ್ನು ಎಳೆದುಕೊಂಡು ಹೋದೆ. ಅಲ್ಲಿದ್ದವರು ತಲೆ ಎತ್ತದೆ, "ಇದು ನಮ್ಮದಲ್ಲ, ಸೆನ್‌ಗೆ ಹೋಗಿ" ಅಂದರು. ಸೇನ್ ಎಂದರೆ ಬಂಗಾಳದ ಕಡೆಯ ಅಧಿಕಾರಿ ಇರಬೇಕೆಂದುಕೊಂಡು ನಾನು, "ಸೇನ್ ಸಾಹೇಬರು ಎಷ್ಟು ಗಂಟೆಗೆ ಸಿಗುತ್ತಾರೆ?" ಎಂದು ವಿನಯದಿಂದ ಕೇಳಿದೆ. ಸೆಂಟ್ರಿ ನಿಂತಿದ್ದ ಹುಡುಗ ಬೆನ್ನು ತಿರುಗಿಸಿ ನಕ್ಕ. ಸೈಬರ್, ಎಕನಾಮಿಕ್, ನಾರ್ಕೋಟಿಕ್ಸ್, ಈ ಮೂರರ ಮೊದಲಕ್ಷರ ಸೇರಿ ಸೆನ್. ಅದೊಂದು ಪ್ರತ್ಯೇಕ ಠಾಣೆ. ಯಾವ ಠಾಣೆಗೆ ಹೋದರೂ ವ್ಯಾಪ್ತಿಯ ನೆಪ ಹೇಳದೆ ದೂರು ಬರೆದುಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಿದ್ದರೂ ಆ ಹೊತ್ತಿನಲ್ಲಿ ವಾದಿಸುತ್ತಿದ್ದೆನೆಂದು ತೋರುವುದಿಲ್ಲ.

ಸೆನ್ ಠಾಣೆಯಲ್ಲಿ ಒಬ್ಬ ಮಹಿಳಾ ಪೇದೆ ಅಕ್ಕನನ್ನು ಕೂರಿಸಿ ನೀರು ಕೊಟ್ಟಳು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಎಲ್ಲ ಕೇಳಿದ ಮೇಲೆ ಮೆಲ್ಲಗೆ, "ಅಮ್ಮಾ, ಪೊಲೀಸ್ನೋರು ಮನೇಲಿ ಕೂರಿಸಿ ದುಡ್ಡು ಕೇಳ್ತಾರಾ?" ಅಂದಳು.

"ಕೇಳಲ್ವಾ?" ಅಂದಳು ಅಕ್ಕ.

ಕೋಣೆಯಲ್ಲಿದ್ದವರೆಲ್ಲ ಒಂದು ಕ್ಷಣ ಗಪ್ಪಾದರು. ಮೊದಲು ನಕ್ಕವಳು ಆ ಹುಡುಗಿಯೇ.

ದೂರು ಟೈಪು ಆಗುವವರೆಗೆ ಅವಳು ನನಗೆ ಮಾಡಿದ ಪಾಠವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ. ನಾವು 'ಪೊಲೀಸ್' ಎಂದು ಒಂದೇ ಉಸಿರಿನಲ್ಲಿ ಅನ್ನುವುದು ಒಂದು ದೊಡ್ಡ ಒಟ್ಟು ಕುಟುಂಬ. ನಮ್ಮ ನಗರಕ್ಕೆ ಕಮಿಷನರು ಯಜಮಾನರು. ಊರಾಚೆಯ ಹಳ್ಳಿಗಳಿಗೆ ಜಿಲ್ಲಾ ಎಸ್.ಪಿ. ಬೇರೆ. ಕಾನೂನು-ಸುವ್ಯವಸ್ಥೆಯ ಠಾಣೆಗಳು ಒಂದು ಕಡೆ, ಸಂಚಾರಿ ಠಾಣೆಗಳು ಇನ್ನೊಂದು ಕಡೆ. ಹೆಲ್ಮೆಟ್ಟಿಗೆ ದಂಡ ಹಾಕುವವರ ಹತ್ತಿರ ಸರ ಕಳವಿನ ದೂರು ಒಯ್ದರೆ ಪ್ರಯೋಜನವಿಲ್ಲ. ದೊಡ್ಡ ಪ್ರಕರಣಗಳಿಗೆ ಸಿ.ಸಿ.ಬಿ. ನಗರ ಸಶಸ್ತ್ರ ಮೀಸಲು ಪಡೆ, ಅಂದರೆ ಸಿ.ಎ.ಆರ್., ಬಂದೋಬಸ್ತಿಗೂ ಕೈದಿಗಳನ್ನು ಕೋರ್ಟಿಗೆ ಕರೆದೊಯ್ಯುವುದಕ್ಕೂ. ಮಹಿಳಾ ಠಾಣೆ, ಶ್ವಾನದಳ, ಬೆರಳಚ್ಚಿನವರು, 112ಕ್ಕೆ ಕರೆ ಮಾಡಿದರೆ ಓಡಿಬರುವ ಗಾಡಿಯವರು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಒಲೆ. ಇಂಥ ಕಂಪ್ಯೂಟರಿನ ಅಪರಾಧಗಳನ್ನು ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲವಂತೆ. ನಾನು ಬಾಲ್ಯದಿಂದ ಆರಾಧಿಸಿದ ಕುದುರೆ ಪೊಲೀಸರು ನಗರದವರೇ ಅಲ್ಲ, ರಾಜ್ಯದ ಸಶಸ್ತ್ರ ಮೀಸಲಿನ ಬೇರೆಯೇ ತುಕಡಿ! ಇದನ್ನು ಕೇಳಿ ನನಗೆ ಸ್ವಲ್ಪ ಬೇಸರವೂ ಆಯಿತು.

ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ, ತೀರ ವಿಶೇಷ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆಯಬೇಕು ಎಂಬುದನ್ನೂ ಅವಳು ಹೇಳಿದಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಎರಡು ರಾತ್ರಿ ಲೈಟೂ ಆರಿಸಿಲ್ಲ ನಾನು" ಅಂದಳು. ಅಷ್ಟು ಹೊತ್ತು ದುಡ್ಡಿನ ಲೆಕ್ಕದಲ್ಲಿದ್ದ ನನಗೆ ಆಗಲೇ ನಿಜವಾಗಿ ಸಂಕಟವಾದದ್ದು. ಠಾಣೆಯ ಮೆಟ್ಟಿಲು ಹತ್ತಬಾರದೆಂದು ನಾವು ಕಲಿತಿದ್ದೆವಲ್ಲ, ಆ ಕಳ್ಳ ಬಂಡವಾಳ ಮಾಡಿಕೊಂಡದ್ದು ಅದನ್ನೇ. ಒಳಗೆ ಏನಿದೆಯೆಂದು ತಿಳಿದವಳು, "ನೀನು ಯಾವ ಸ್ಟೇಷನ್ನಪ್ಪಾ?" ಎಂದು ಕೇಳಿರುತ್ತಿದ್ದಳು.

ಆರು ಲಕ್ಷದಲ್ಲಿ ಎರಡು ಲಕ್ಷದ ಹತ್ತು ಸಾವಿರ ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿತ್ತು. ಅದನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಿ ಏಳು ತಿಂಗಳು ಓಡಾಡಿದೆವು. ಉಳಿದದ್ದು ಹೋಯಿತು. ಮಗಳ ಮನೆಗೆ ಅಮೆರಿಕಕ್ಕೆ ಹೋಗಬೇಕೆಂದಿದ್ದ ಅಕ್ಕ ಬಂದ ದುಡ್ಡಿನಲ್ಲೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು.

ಪರಿಶೀಲನೆಗೆ ಠಾಣೆಯಿಂದ ಒಬ್ಬ ಪೇದೆ ಬಂದ ದಿನ ನಾನೂ ಅಲ್ಲಿದ್ದೆ. ಅಕ್ಕ ಗ್ರಿಲ್ಲಿನ ಬಾಗಿಲು ತೆಗೆಯಲಿಲ್ಲ. ಯಾವ ಠಾಣೆ, ಇನ್ಸ್‌ಪೆಕ್ಟರ ಹೆಸರೇನು ಎಂದು ವಿಚಾರಿಸಿ, ಗುರುತಿನ ಚೀಟಿಯನ್ನು ಕನ್ನಡಕ ಹಾಕಿಕೊಂಡು ಎರಡೂ ಕಡೆ ಓದಿ, ಠಾಣೆಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡಳು. ಅವನು ಬಿಸಿಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಕಾದ.

ಬಾಗಿಲು ತೆಗೆದ ಮೇಲೆ, "ಬೇಜಾರು ಮಾಡ್ಕೋಬೇಡಪ್ಪ, ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?" ಅಂದಳು.