ಯಾವುದು ನಿಲ್ಲುತ್ತದೆ?

ಮಗನಿಗೆ ಯೆಜ್ಡಿ ಬೇಕು. ಅವನ ಕಣ್ಣು 2022ರಲ್ಲಿ ಮರಳಿ ಬಂದ 334 ಸಿ.ಸಿ. ಹೊಸ ಗಾಡಿಯ ಮೇಲೆ. ಅದಕ್ಕೆ ಬಡ್ಡಿ ಸಾಲವೇ ಗತಿ. ನಾನು ಮಳವಳ್ಳಿಯಲ್ಲಿ ಹಳೆಯದೊಂದನ್ನು ನೋಡಿಟ್ಟಿದ್ದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ಮುಂಚಿನದು, ಜೋಡಿ ಸೈಲೆನ್ಸರಿನದು. ಕೈಯಲ್ಲಿದ್ದ ದುಡ್ಡಿಗೇ ಬರುತ್ತಿತ್ತು.

“ಅದರಲ್ಲಿ ಸ್ಪೀಡೆಲ್ಲಿದೆ ಅಬ್ಬಾ?”

“ಸ್ಪೀಡಾಗಿ ಎಲ್ಲಿಗೆ ಹೋಗ್ತೀಯ? 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್ ಹೆದ್ದಾರಿಗೆ ಬೈಕ್ ಬಿಡೋದಿಲ್ಲ. ಮಂಡ್ಯದಿಂದ ಮದ್ದೂರಿಗೆ ಸರ್ವಿಸ್ ರಸ್ತೆಯಲ್ಲೇ, ಕಬ್ಬಿನ ಗಾಡಿ ಹಿಂದೇನೇ.”

ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಅವನಮ್ಮ ಅಡುಗೆಮನೆಯಿಂದ ಕೇಳಿದಳು: “ಕಬ್ಬಿನ ಗಾಡಿ ತಟ್ಟನೆ ನಿಂತರೆ, ಎರಡರಲ್ಲಿ ಯಾವುದು ನಿಲ್ಲುತ್ತೆ?”

ಹಳೆಯದಕ್ಕೆ ಡ್ರಮ್ ಬ್ರೇಕು. ಹೊಸದಕ್ಕೆ ಡಿಸ್ಕ್, ಎಬಿಎಸ್. ನಾನು ಉತ್ತರಿಸಲಿಲ್ಲ. ಬಡ್ಡಿಗೆ ಹೆದರಿ ಮಗನನ್ನೇ ಮರೆತಿದ್ದೆ. ಹೊಸದನ್ನೇ ಕೊಳ್ಳುವುದೆಂದು ತೀರ್ಮಾನವಾಯಿತು. ಸಾಲ ಮಾತ್ರ ಬೇಡ. ದುಡ್ಡು ಕೂಡುವವರೆಗೆ ಮಗ ಬಸ್ಸಿಗೇ ಹೋಗುತ್ತಾನೆ.